ನಲವತ್ತೊಂದು ಕೆ.ಬಿ.

ಇಟ್ಟಿ ಹಾರ್ಡ್ ಡಿಸ್ಕನ್ನು ಸ್ನಾನದ ಟವೆಲಿನಲ್ಲಿ ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪುತ್ತೂರಿನ ಬಸ್ಸಿನಲ್ಲಿ ಕುಳಿತಿದ್ದ. ಬಸ್ಸು ಆಲಂಕಾರು ದಾಟಿತ್ತು. ರಸ್ತೆಯ ಪ್ರತಿ ಹೊಂಡಕ್ಕೂ ಅವನ ಎರಡೂ ಕೈಗಳು ತಾವಾಗಿಯೇ ಚೀಲವನ್ನು ಮೇಲೆತ್ತುತ್ತಿದ್ದವು. ಎತ್ತಿದ ಮರುಕ್ಷಣವೇ, ಇದನ್ನು ನಾನು ಯಾಕೆ ಕಾಪಾಡುತ್ತಿದ್ದೇನೆ, ಒಂದು ಒಳ್ಳೆಯ ಹೊಂಡ ಸಿಕ್ಕಿ ಇದು ಕೆಳಗೆ ಬಿದ್ದು ಚೂರಾದರೆ ನನ್ನಷ್ಟು ಸುಖಿ ಇಡೀ ಕಡಬ ತಾಲೂಕಿನಲ್ಲಿ ಇರಲಿಕ್ಕಿಲ್ಲವಲ್ಲ ಎಂದು ಹೊಳೆದು ಕೈ ಸಡಿಲಿಸುತ್ತಿದ್ದ. ಸಡಿಲಿಸಿದ್ದನ್ನು ಪಕ್ಕದಲ್ಲಿ ಕುಳಿತಿದ್ದ ರೋಸಮ್ಮ ನೋಡಿದರು.

"ಗಟ್ಟಿ ಹಿಡ್ಕೋ ಇಟ್ಟಿ," ಎಂದರು. "ನನ್ನ ಮಾತು ಉಂಟಲ್ಲ ಅದರೊಳಗೆ."

ಇಟ್ಟಿ ಗಟ್ಟಿ ಹಿಡಿದುಕೊಂಡ. ಅವರ ಮಾತು ಅದರೊಳಗೆ ಎಷ್ಟುಂಟು ಎಂಬುದು ಲೋಕದಲ್ಲಿ ಅವನೊಬ್ಬನಿಗೆ ಮಾತ್ರ ಗೊತ್ತಿತ್ತು.

ರೋಸಮ್ಮನಿಗೆ ಎಪ್ಪತ್ತೆಂಟು ವರ್ಷ. ಒಂಬತ್ತರ ಹುಡುಗಿಯಾಗಿದ್ದಾಗ ಅಪ್ಪ ಅಮ್ಮನ ಜೊತೆ ಕೇರಳದಿಂದ ಕಡಬದ ಕಾಡಿಗೆ ಬಂದವರು. ಆ ಕಾಲದಲ್ಲಿ ಹಾಗೆ ಬಂದ ಮನೆಗಳಲ್ಲಿ, ಬಂದದ್ದನ್ನು ಕಣ್ಣಾರೆ ಕಂಡು ಹೇಳುವವರು ಈಗ ಉಳಿದದ್ದು ಅವರೊಬ್ಬರೇ. ಚರ್ಚಿಗೆ ಅರವತ್ತು ವರ್ಷ ತುಂಬುವುದಕ್ಕೆ ಒಂದು ಸ್ಮರಣ ಸಂಚಿಕೆ ತರಬೇಕು, ಅದರಲ್ಲಿ ರೋಸಮ್ಮನ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆಯಬೇಕು, ಕನ್ನಡದಲ್ಲೇ ಬರೆಯಬೇಕು, ನಮ್ಮ ಮಕ್ಕಳಿಗೆ ಮಲಯಾಳ ಮಾತಾಡಲು ಬರುತ್ತದೆಯೇ ಹೊರತು ಓದಲು ಬರುವುದಿಲ್ಲ ಎಂದು ಪಾದ್ರಿಯವರು, ಊರವರ ಬಾಯಲ್ಲಿ ಅಚ್ಚನ್, ಸಭೆಯಲ್ಲಿ ಹೇಳಿದಾಗ ಎಲ್ಲರೂ ಇಟ್ಟಿಯ ಕಡೆ ತಿರುಗಿದ್ದರು. ತಿರುಗುತ್ತಾರೆ ಎಂದು ಇಟ್ಟಿಗೆ ಗೊತ್ತಿತ್ತು. ತಿರುಗಲಿ ಎಂದೇ ಮುಂದಿನ ಬೆಂಚಿನಲ್ಲಿ ಕುಳಿತಿದ್ದ. ನೆಲ್ಯಾಡಿಯ ಶಾಲೆಯೊಂದರಲ್ಲಿ ಕ್ಲಾರ್ಕಾಗಿ ನಿವೃತ್ತನಾದವನು ಅವನು. ಊರಿನಲ್ಲಿ ಮೊದಲು ಕಂಪ್ಯೂಟರ್ ಕೊಂಡವನೆಂದು ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಇಟ್ಟಿ ಎಂದೇ ಹೆಸರು. ಈಗ ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಅವನಿಗಿಂತ ಹೆಚ್ಚು ಗೊತ್ತು ಎಂಬುದು ಹೆಸರಿಗೆ ಇನ್ನೂ ತಿಳಿದಿರಲಿಲ್ಲ, ಅಷ್ಟೆ.

ಪ್ರತಿ ಮಂಗಳವಾರ ಊಟವಾದ ಮೇಲೆ ರೋಸಮ್ಮ ಬರುತ್ತಿದ್ದರು. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಒಂದರ ಪಕ್ಕ ಒಂದು ನೇರ ಇಟ್ಟು, ಕಂಪ್ಯೂಟರಿನ ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕುಳಿತು, ಉಟ್ಟ ಬಿಳಿ ಮುಂಡಿನ ತುದಿಯನ್ನು ಮಂಡಿಯ ಮೇಲೆ ಸರಿಮಾಡಿಕೊಂಡು ಶುರು ಮಾಡುತ್ತಿದ್ದರು. ಇಟ್ಟಿ ಟೈಪು ಮಾಡುವುದು ಒಂದು ಬೆರಳಿನಿಂದ. ಅವನು ಒಂದು ಒತ್ತಕ್ಷರವನ್ನು ಹುಡುಕಿ ಹಿಡಿಯುವಷ್ಟರಲ್ಲಿ ರೋಸಮ್ಮ ಕಾಡು ಕಡಿದು, ಮರಗೆಣಸು ನೆಟ್ಟು, ಹಂದಿಗೆ ಬೇಲಿ ಹಾಕಿ, ಚಿಕ್ಕಮ್ಮನ ಮದುವೆ ಮುಗಿಸಿರುತ್ತಿದ್ದರು. ಹಿರಿಯಕ್ಕನನ್ನು ಕರೆಯುವ ಹಾಗೆ, ಸ್ವಲ್ಪ ನಿಲ್ಲಿಸಿ ಚೇಡತ್ತಿ ಎಂದರೆ ನಿಲ್ಲಿಸುತ್ತಿದ್ದರು, ಆದರೆ ನಿಲ್ಲಿಸಿದಾಗ ಅವರ ಮುಖದಲ್ಲಿ ಏನೋ ಆರಿಹೋಗುತ್ತಿತ್ತು, ಮತ್ತೆ ಹತ್ತಿಸಲು ಕಾಲು ಗಂಟೆ ಬೇಕಾಗುತ್ತಿತ್ತು. ಮೂರು ವಾರ ಹೀಗೆ ಕಷ್ಟಪಟ್ಟು ನಾಲ್ಕು ಪುಟ ಬರೆದ. ನಾಲ್ಕನೆಯ ವಾರ, ಇವತ್ತು ಸುಮ್ಮನೆ ಕೇಳುತ್ತೇನೆ, ರಾತ್ರಿ ಕುಳಿತು ನೆನಪಿನಿಂದ ಬರೆಯುತ್ತೇನೆ ಎಂದು ತೀರ್ಮಾನಿಸಿದ. ಸುಮ್ಮನೆ ಕುಳಿತರೆ ಬರೆಯುತ್ತಿಲ್ಲವೆಂದು ಅವರಿಗೆ ಬೇಸರವಾದೀತು ಎಂದು, ಬರಿಯ ಅವರ ಬೇಸರದ ಮೇಲಿನ ಕಾಳಜಿಯಿಂದ, ಪರದೆಯ ಮೇಲೆ ಇಸ್ಪೀಟಿನ ಆಟ ತೆರೆದ. ಎಲೆಗಳನ್ನು ಕೀಲಿಗಳಿಂದಲೇ ಸರಿಸಬಹುದಿತ್ತು. ಸದ್ದು ಟೈಪು ಮಾಡಿದ ಹಾಗೆಯೇ ಕೇಳುತ್ತಿತ್ತು. ಪರದೆಯ ಬೆನ್ನು ರೋಸಮ್ಮನ ಕಡೆಗಿತ್ತು. ಆಮೇಲೆ ಆ ರಾತ್ರಿ ಬರೆಯಲಿಲ್ಲ. ಮುಂದಿನ ಮಂಗಳವಾರ, ಎರಡೂ ವಾರದ್ದನ್ನು ಒಟ್ಟಿಗೆ ಬರೆದರಾಯಿತು ಎಂದುಕೊಂಡ. ಹದಿನಾಲ್ಕು ತಿಂಗಳು ಹೋಯಿತು. ಇಟ್ಟಿ ಆಟದಲ್ಲಿ ಬಹಳ ಮುಂದೆ ಹೋದ. ನಡುನಡುವೆ "ಹ್ಮ್" ಎನ್ನುತ್ತಿದ್ದ. ಎಲ್ಲಿ ಹ್ಮ್ ಎನ್ನಬೇಕು ಎಂಬುದು ಮಾತಿನ ಅರ್ಥ ಕಿವಿಗೆ ಬೀಳದೆ ಹೋದರೂ ಅದರ ಏರಿಳಿತದಿಂದಲೇ ಗೊತ್ತಾಗುತ್ತದೆ. ಇದೊಂದು ವಿದ್ಯೆ, ಬಹುಶಃ ಅವನು ಬಾಳಿನಲ್ಲಿ ಪೂರ್ತಿಯಾಗಿ ಕಲಿತ ಒಂದೇ ವಿದ್ಯೆ. ಎಷ್ಟಾಯಿತು ಎಂದು ಅಚ್ಚನ್ ಕೇಳಿದಾಗ ಒಮ್ಮೆ ನೂರು ಪುಟ ಎಂದ. ಆಮೇಲೆ ನೂರೈವತ್ತು. ಕಡಿಮೆ ಮಾಡುವ ಹಾಗಿರಲಿಲ್ಲವಾದ್ದರಿಂದ ಇನ್ನೂರು.

ಹಾಗಿರುವಾಗ ಎಂಟು ದಿನದ ಹಿಂದೆ ಒಂದು ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಪೆಟ್ಟಿಗೆಯೊಳಗಿಂದ ಟಕ್, ಟಕ್, ಟಕ್ ಎಂಬ ಸದ್ದು, ಯಾರೋ ಉಗುರಿನಿಂದ ತಗಡು ಬಡಿಯುವ ಹಾಗೆ. ಅವನ ಹೆಂಡತಿ ಸಿಲ್ವಿ ಅಡಿಗೆಮನೆಯಿಂದ ಬಂದು ನೋಡಿದಾಗ ಇಟ್ಟಿ ಮುಖ ಮುಚ್ಚಿಕೊಂಡು ಕುಳಿತಿದ್ದ. ಅಳುತ್ತಿದ್ದಾನೆಂದು ಅವಳು ಬೆನ್ನು ಸವರಿದಳು. ಅವನು ಮುಖ ಮುಚ್ಚಿಕೊಂಡದ್ದು ನಗುವನ್ನು ಅಡಗಿಸಲಿಕ್ಕೆ. ಎಲ್ಲ ಹೋಯಿತು! ಬರೆದದ್ದೂ ಹೋಯಿತು, ಬರೆಯದೇ ಇದ್ದದ್ದೂ ಹೋಯಿತು. ಇನ್ನು ಎರಡಕ್ಕೂ ವ್ಯತ್ಯಾಸವಿಲ್ಲ. ಮಧ್ಯಾಹ್ನದೊಳಗೆ ಸುದ್ದಿ ಹರಡಿತು. ಜನ ಸಾವಿನ ಮನೆಗೆ ಬಂದ ಹಾಗೆ ಬಂದರು, ಬಾಳೆಹಣ್ಣು ತಂದರು, ಅಂಗಳದಲ್ಲಿ ನಿಂತು ತಗ್ಗಿದ ದನಿಯಲ್ಲಿ ಮಾತಾಡಿದರು. ರೋಸಮ್ಮ ಮಾತ್ರ ಹೆಚ್ಚೇನೂ ಹೇಳಲಿಲ್ಲ. "ಗಾಬರಿ ಮಾಡ್ಬೇಡ ಮೋನೇ, ಹೋದ್ರೆ ಹೋಯ್ತು," ಎಂದು ಬೇಗನೆ ಎದ್ದುಹೋದರು. ಭಾನುವಾರ ಪೂಜೆಯ ನಡುವೆ ಅಚ್ಚನ್, "ನಮ್ಮ ಇಟ್ಟಿಯವರ ಕಂಪ್ಯೂಟರಿನಲ್ಲಿ ಸಿಕ್ಕಿಕೊಂಡಿರುವ ಹಿರಿಯರ ನೆನಪುಗಳು ಮರಳಿ ದೊರೆಯುವಂತೆ ಪ್ರಾರ್ಥಿಸೋಣ" ಎಂದರು. ಕರ್ತನೇ, ನಮ್ಮ ಪ್ರಾರ್ಥನೆ ಆಲಿಸು ಎಂದು ಇಡೀ ಚರ್ಚು ಹೇಳಿತು. ಇಟ್ಟಿಯೂ ಹೇಳಿದ. ಉಳಿದವರಿಗಿಂತ ಒಂದು ಪಟ್ಟು ಜೋರಾಗಿಯೇ ಹೇಳಿದ.

ಪೂಜೆ ಮುಗಿದ ಮೇಲೆ ಅಚ್ಚನ್ ಅವನನ್ನು ಕರೆದು, ಪುತ್ತೂರಿನಲ್ಲಿ ಸಾಹುಲ್ ಹಮೀದ್ ಎಂಬವರು ಇದ್ದಾರೆ, ಸತ್ತ ಡಿಸ್ಕಿನಿಂದಲೂ ತೆಗೆದುಕೊಡುತ್ತಾರೆ, ಕೊಂಡುಹೋಗು. ಹಾಗೆಯೇ ಒಂದು ಒಳ್ಳೆಯ ಹೊಸ ಹಾರ್ಡ್ ಡಿಸ್ಕ್ ನೋಡಿ ತಾ, ಚರ್ಚಿನ ಕಡೆಯಿಂದ, ನಿನಗೆ ಗೊತ್ತುಂಟಲ್ಲ ಯಾವುದು ಒಳ್ಳೆಯದು ಅಂತ ಎಂದರು. ನಿನಗೆ ಗೊತ್ತುಂಟಲ್ಲ ಎಂದರೆ ಇಟ್ಟಿಯ ಪ್ರಾಣ ಹೋದರೂ ಇಲ್ಲ ಎನ್ನಲು ಬರುವುದಿಲ್ಲ. ಆ ದಿನದಿಂದ ಫೋನಿನಲ್ಲಿ ಓದತೊಡಗಿದ. ತಿರುಗುವ ಡಿಸ್ಕೋ, ತಿರುಗದ ಎಸ್‌ಎಸ್‌ಡಿಯೋ. ತಿರುಗುವುದಾದರೆ ನಿಮಿಷಕ್ಕೆ ಐದು ಸಾವಿರದ ನಾನೂರು ಸುತ್ತೋ, ಏಳು ಸಾವಿರದ ಇನ್ನೂರೋ. ಯಾವುದು ಎಷ್ಟು ವರ್ಷ ಬಾಳುತ್ತದೆ, ಯಾವುದಕ್ಕೆ ಸೆಕೆ ಆಗುವುದಿಲ್ಲ, ಯಾವುದು ಕರೆಂಟು ಹೋದಾಗ ಕೈಕೊಡುವುದಿಲ್ಲ. ಶಾಲೆಯ ಹಳೆಯ ಡೈರಿಯಲ್ಲಿ ಕಂಬ ಎಳೆದು ಪಟ್ಟಿ ಮಾಡಿದ. ಇದರಲ್ಲಿ ಒಂದು ಸುಖವಿತ್ತು. ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಮನುಷ್ಯರು ತಾವು ಕೊಂಡ ಡಿಸ್ಕಿನ ಬಗ್ಗೆ ಹೊಗಳಿಯೋ ಬೈದೋ ಬರೆದದ್ದನ್ನು ಓದುತ್ತಿದ್ದರೆ ತಾನೂ ಕಾಪಾಡಿಕೊಳ್ಳಲಿಕ್ಕೆ ಏನೋ ಇರುವ ಮನುಷ್ಯರ ಸಾಲಿಗೆ ಸೇರಿದ ಹಾಗೆ ಅನಿಸುತ್ತಿತ್ತು. ನಾಲ್ಕು ಟಿಬಿಯದ್ದೇ ಒಳ್ಳೆಯದು ಎಂದು ಒಂದು ಸಂಜೆ ನಿರ್ಧರಿಸಿ, ನಾಲ್ಕು ಟಿಬಿಯಲ್ಲಿ ತಾನು ಬರೆದ ಆ ನಾಲ್ಕು ಪುಟಗಳಂಥವು ಎಷ್ಟು ಹಿಡಿಯುತ್ತವೆ ಎಂದು ಭಾಗಿಸಿ ನೋಡಿದ. ಸುಮಾರು ಹತ್ತು ಕೋಟಿ ರೋಸಮ್ಮಂದಿರು ಎಂದು ಬಂತು. "ಮದುವೆಗೆ ಹೆಣ್ಣು ನೋಡ್ಲಿಕ್ಕೂ ನೀವು ಇಷ್ಟು ದಿನ ತಗೊಳ್ಳಲಿಲ್ಲ," ಎಂದಳು ಸಿಲ್ವಿ.

ಹೊರಡುವ ಬೆಳಿಗ್ಗೆ ನೋಡಿದರೆ ರೋಸಮ್ಮ ಕೊಡೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ತಾನೂ ಬರುತ್ತೇನೆಂದರು. ಬೇಡ ಚೇಡತ್ತಿ, ಬಿಸಿಲು ಎಂದ. ಬಿಸಿಲು ನಿನಗೂ ಉಂಟಲ್ಲ ಎಂದರು. ಸಾಕ್ಷಿ ಸಮೇತ ಸಿಕ್ಕಿಬೀಳುವುದು ಎಂದರೆ ಇದೇ, ಅದೂ ಸಾಕ್ಷಿಗೆ ತಾನೇ ಟಿಕೇಟು ತೆಗೆದುಕೊಟ್ಟು, ಎಂದು ಇಟ್ಟಿ ಕಿಟಕಿಯ ಹೊರಗೆ ನೋಡುತ್ತ ಕುಳಿತ.

ಸಾಹುಲ್ ಹಮೀದರ ಅಂಗಡಿ ಪುತ್ತೂರಿನ ಬಸ್ ಸ್ಟ್ಯಾಂಡಿನಿಂದ ಹೆಚ್ಚು ದೂರವಿರಲಿಲ್ಲ, ಒಂದು ಕಟ್ಟಡದ ಮೊದಲ ಮಾಳಿಗೆಯಲ್ಲಿತ್ತು. ಐವತ್ತು ದಾಟಿದ ಮನುಷ್ಯ, ಬಿಳಿ ಗಡ್ಡ, ಮೂಗಿನ ತುದಿಯಲ್ಲಿ ಕನ್ನಡಕ. ರೋಸಮ್ಮನನ್ನು ಕಂಡದ್ದೇ ಎದ್ದು ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು. ಇಟ್ಟಿ ಟವೆಲು ಬಿಚ್ಚುವ ಮೊದಲು ಡೈರಿ ಬಿಚ್ಚಿದ. ಹಳೆಯದು ಹೇಗೂ ಸತ್ತಿದೆ, ಅದಕ್ಕೆ ಸಮಯ ಹಾಳು ಮಾಡುವುದು ಬೇಡ, ಹೊಸದರ ಮಾತಾಡುವ ಎಂದು ತಾನು ಓದಿದ್ದನ್ನೆಲ್ಲ ಹೇಳತೊಡಗಿದ. ಸಾಹುಲ್ ಹಮೀದ್ ಪೂರ್ತಿ ಕೇಳಿದರು. ಒಮ್ಮೆಯೂ ಹ್ಮ್ ಎನ್ನಲಿಲ್ಲ.

"ಅದೆಲ್ಲ ಸರಿ ಮಾರಾಯ್ರೆ," ಎಂದರು. "ಎಂತ ಇಡ್ಲಿಕ್ಕೆ ನಿಮಗೆ?"

"ಇತಿಹಾಸ," ಎಂದ ಇಟ್ಟಿ.

"ಅದು ಎಷ್ಟು ಉಂಟು?"

ಇಟ್ಟಿ ಎರಡು ಕೈಯನ್ನೂ ಸ್ವಲ್ಪ ಅಗಲಿಸಿ ತೋರಿಸಿದ, ಮೀನಿನ ಅಳತೆ ಹೇಳುವವರ ಹಾಗೆ. ತೋರಿಸಿದ ಮೇಲೆ ಆ ಕೈಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೇಜಿನ ಅಂಚಿನ ಮೇಲೆ ಇಟ್ಟ.

"ತಿರುಗುವ ಡಿಸ್ಕ್ ಹೋಗುವ ಮೊದಲು ಸದ್ದು ಮಾಡ್ತದೆ," ಎಂದರು ಸಾಹುಲ್ ಹಮೀದ್, ಟವೆಲನ್ನು ತಾವೇ ಬಿಚ್ಚುತ್ತ. "ನಮಗೆ ಎಚ್ಚರ ಹೇಳ್ತದೆ. ಎಸ್‌ಎಸ್‌ಡಿ ಹಾಗಲ್ಲ, ಓಡುದು ಗಾಳಿಯ ಹಾಗೆ, ಹೋಗುದಾದ್ರೆ ಒಂದು ದಿನ ಹೇಳದೆ ಹೋಗ್ತದೆ. ಯಾವುದು ತಗೊಂಡ್ರೂ ಇನ್ನೊಂದು ಕಡೆ ಕಾಪಿ ಇಡಿ. ಅಷ್ಟೇ ಇರುದು ಇದರಲ್ಲಿ. ಮೊದಲು ಹಳೆಯದನ್ನು ನೋಡುವ." ಡಿಸ್ಕನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಗೋಡೆಯ ಮೇಲೆ, ಗಿರಾಕಿಗಳಿಗೂ ಕಾಣುವ ಹಾಗೆ, ಟಿವಿಯಷ್ಟು ದೊಡ್ಡ ಪರದೆಯೊಂದಿತ್ತು. ಇಟ್ಟಿ ಅದನ್ನು ಆಗಲೇ ಗಮನಿಸಿದ್ದು.

ಟಕ್ ಟಕ್ ಬರಲಿಲ್ಲ. ಮುದಿ ಬೆಕ್ಕು ಗುರುಗುಟ್ಟಿದ ಹಾಗೆ ಸಣ್ಣ ಸದ್ದು ಮಾಡಿ ಡಿಸ್ಕ್ ತಿರುಗತೊಡಗಿತು. ಪರದೆಯ ಮೇಲೆ ಇಟ್ಟಿಯ ಮನೆಯ ಹಳದಿ ಕಡತಗಳೆಲ್ಲ ಸಾಲಾಗಿ ಬಂದು ನಿಂತವು.

"ಡಿಸ್ಕಿಗೆ ಎಂತದೂ ಆಗಲಿಲ್ಲ! ನಿಮ್ಮ ಪೆಟ್ಟಿಗೆಯ ಒಳಗೆ ಕರೆಂಟಿನ ವಯರ್ ಸಡಿಲ ಆಗಿರ್ಬೇಕು. ಕರೆಂಟ್ ಸಾಲದೆ ಬಡ್ಕೊಂಡದ್ದು ಇದು." ಅವರು ರೋಸಮ್ಮನ ಕಡೆ ತಿರುಗಿ, "ಎಲ್ಲ ಉಂಟು ಅಮ್ಮ, ಒಂದೂ ಹೋಗಲಿಲ್ಲ," ಎಂದರು. ರೋಸಮ್ಮ ನಗಲಿಲ್ಲ. ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಪಾಪ ಎಂದುಕೊಂಡ ಇಟ್ಟಿ. ಬಾಗಿಲಿನವರೆಗೆ ಎಷ್ಟು ಹೆಜ್ಜೆ ಎಂದು ಅಂದಾಜು ಮಾಡಿದ.

ರೋಸಮ್ಮ ಎಂಬ ಹೆಸರಿನ ಕಡತದಲ್ಲಿ ಒಂದೇ ಒಂದು ಫೈಲಿತ್ತು. ನಲವತ್ತೊಂದು ಕೆ.ಬಿ. ಇಷ್ಟೇಯಾ ಎಂದು ಸಾಹುಲ್ ಹಮೀದ್ ಕೇಳಿದರು. ಬೇರೆ ಎಲ್ಲಿಯಾದರೂ ಇರಬೇಕು ಎಂದ ಇಟ್ಟಿ. ಅವರು ಹುಡುಕಿದರು. ಬೇರೆ ಹೆಸರಿನಲ್ಲಿ ಇಟ್ಟಿರಬಹುದು ಎಂದು ಮತ್ತೆ ಹುಡುಕಿದರು. ಅಳಿಸಿದ್ದನ್ನೂ ಮೇಲೆತ್ತುವ ಒಂದು ಉಪಾಯವಿದೆ ಎಂದು ಅದನ್ನೂ ಮಾಡಿದರು. ಅವರ ಪ್ರಾಮಾಣಿಕತೆಗೆ ಕೊನೆಯೇ ಇದ್ದಂತಿರಲಿಲ್ಲ. ಸಿಲ್ವಿಯ ಅಣ್ಣನ ಗೃಹಪ್ರವೇಶದ ಫೋಟೋಗಳು, ರಬ್ಬರ್ ಬೆಳೆಗಾರರ ಸಂಘಕ್ಕೆ ಬರೆದ ಒಂದು ಪತ್ರ, ಎಂದೋ ಅಳಿಸಿದ ಒಂದು ಅರ್ಜಿ ಎಲ್ಲ ಮೇಲೆದ್ದು ಬಂದವು. ರೋಸಮ್ಮನ ಇನ್ನೂರು ಪುಟ ಮಾತ್ರ ಬರಲಿಲ್ಲ.

"ಇದ್ದದ್ದನ್ನು ಓದಿ ಸಾಹೇಬ್ರೆ," ಎಂದರು ರೋಸಮ್ಮ. "ನನಗೆ ಕನ್ನಡ ಅಕ್ಷರ ಬರುದಿಲ್ಲ."

ಸಾಹುಲ್ ಹಮೀದ್ ಕನ್ನಡಕ ಏರಿಸಿಕೊಂಡು ಓದಿದರು. ಚೆನ್ನಾಗಿಯೇ ಓದಿದರು, ಅದೇ ತೊಂದರೆ. ಮೊದಲ ಎರಡು ಪುಟ ಇಟ್ಟಿಯ ಸ್ವಂತದ್ದು. ಪ್ರಕೃತಿ ಮಾತೆಯ ಹಸಿರು ಮಡಿಲು, ಶ್ರಮಜೀವಿಗಳ ಬೆವರಿನ ಮುತ್ತು, ಕಾಲಚಕ್ರದ ಅವಿರತ ಗತಿ. ಬರೆದಾಗ ಅವನೇ ಎರಡು ಸಲ ಓದಿ ಮೆಚ್ಚಿಕೊಂಡಿದ್ದ. ಈಗ ಅಪರಿಚಿತರೊಬ್ಬರ ಬಾಯಲ್ಲಿ, ಫ್ಯಾನಿನ ಕಿರಕಿರ ಸದ್ದಿನ ನಡುವೆ, ಒಂದೊಂದು ಮುತ್ತೂ ಅವನ ನೆತ್ತಿಯ ಮೇಲೆ ಬಿದ್ದ ಹಾಗಾಯಿತು. ಮೂರನೆಯ ಪುಟದಲ್ಲಿ ರೋಸಮ್ಮ ಶುರುವಾಗುತ್ತಿದ್ದರು. ಅಮ್ಮ ಮರಗೆಣಸಿನ ಕೋಲುಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡದ್ದು. ಅಪ್ಪನ ಹತ್ತಿರ ಒಂದು ಕತ್ತಿ, ಒಂದು ಶಿಲುಬೆ, ಒಂದು ತಾಮ್ರದ ಹಂಡೆ. "ಅಲ್ಲಿಂದ ನಾವು ಹೊಳೆ ದಾಟಿ," ಎಂದು ಓದಿ ಸಾಹುಲ್ ಹಮೀದ್ ನಿಲ್ಲಿಸಿದರು. ಕೆಳಗೆ ಸರಿಸಿದರು. ಬಿಳಿ. ಮತ್ತೂ ಸರಿಸಿದರು. ಇನ್ನಷ್ಟು ಬಿಳಿ.

"ದಾಟಿ?" ಎಂದರು ರೋಸಮ್ಮ.

ಸಾಹುಲ್ ಹಮೀದ್ ಇಟ್ಟಿಯ ಮುಖ ನೋಡಿದರು. ಒಂದು ಗಳಿಗೆ ನೋಡಿ, ಚಾ ಹೇಳಿ ಬರುತ್ತೇನೆ ಎಂದು ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಬೆನ್ನು ಹಾಕಿ ನಿಂತರು. ಅವರು ಬೈದಿದ್ದರೆ ಇಟ್ಟಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲ.

"ಉಳಿದದ್ದು ಒಳಗೆ ಸಿಕ್ಕಿಹಾಕಿಕೊಂಡಿದೆಯಾ ಇಟ್ಟಿ?"

ಹೌದು ಎನ್ನಬಹುದಿತ್ತು. ಎಷ್ಟು ಸುಲಭವಾಗಿ ಎನ್ನಬಹುದಿತ್ತು. ಬೆಂಗಳೂರಿಗೆ ಕಳಿಸಬೇಕು ಚೇಡತ್ತಿ, ಇಲ್ಲಿಯವರಿಗೆ ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಲಿಲ್ಲ. ಪ್ರಾಮಾಣಿಕತೆಯಿಂದಲ್ಲ, ಆ ಮಾತು ಹೇಳಿದರೆ ಮುಂದೆ ಹೇಳಬೇಕಾಗುವ ಮಾತುಗಳ ಉದ್ದ ನೆನೆದು ಸುಸ್ತಾಗಿ.

"ಇಲ್ಲ. ನಾನು ಬರೀಲೇ ಇಲ್ಲ."

"ಬರೀತಿದ್ದೆಯಲ್ಲ. ಟಕಟಕ ಅಂತ ನನಗೆ ಕೇಳ್ತಿತ್ತಲ್ಲ."

"ಅದು ಇಸ್ಪೀಟು."

"ಇಸ್ಪೀಟಾ?"

"ಕಂಪ್ಯೂಟರಿನಲ್ಲಿ ಆಡುದು. ಒಬ್ಬನೇ."

"ಒಂದು ವರ್ಷವಾ?"

"ಹದಿನಾಲ್ಕು ತಿಂಗಳು," ಎಂದ. ಎಲ್ಲ ಬಿಟ್ಟು ಇದೊಂದರಲ್ಲಿ ತಾನು ಇಷ್ಟು ಕರಾರುವಾಕ್ಕಾಗಿರಬೇಕಿತ್ತೇ ಎಂದು ಅವನಿಗೇ ಅನಿಸಿತು.

ರೋಸಮ್ಮ ಸ್ವಲ್ಪ ಮುಂದಕ್ಕೆ ಬಾಗಿದರು. "ಹಾಗಾದ್ರೆ ಜೋಸೂಟ್ಟಿಯ ವಿಷಯ?"

"ಯಾರು ಜೋಸೂಟ್ಟಿ?"

ಕೇಳಿದ ಮೇಲೆ ಗೊತ್ತಾಯಿತು, ಇದು ಕೇಳಬಾರದ ಪ್ರಶ್ನೆ. ರೋಸಮ್ಮನ ಮುಖದಲ್ಲಿ ನೆರಿಗೆಗಳೆಲ್ಲ ಒಮ್ಮೆ ನಿಂತುಬಿಟ್ಟವು. "ಬರೀಲಿಲ್ಲ, ಸರಿ," ಎಂದರು. "ಕೇಳಲೂ ಇಲ್ಲವಾ ನೀನು?"

"ಇಲ್ಲ ಚೇಡತ್ತಿ."

ಕೊಡೆಯಿಂದ ಹೊಡೆಯುತ್ತಾರೆ ಎಂದು ಅವನು ನಿಜವಾಗಿ ತಲೆ ತಗ್ಗಿಸಿದ. ಏನೂ ಬೀಳದೆ ಇದ್ದಾಗ ಕಣ್ಣೆತ್ತಿ ನೋಡಿದರೆ ರೋಸಮ್ಮ ಶಿಲುಬೆಯ ಗುರುತು ಹಾಕಿಕೊಂಡು, ಕಣ್ಣುಮುಚ್ಚಿ, "ಕರ್ತಾವೇ" ಎಂದು ಉಸಿರು ಬಿಟ್ಟರು. ಅದು ಬೇಸರದ ಉಸಿರಲ್ಲ. ತಲೆಯ ಮೇಲಿನ ಸೌದೆಯ ಕಟ್ಟು ಇಳಿಸಿದವರ ಉಸಿರು.

"ನಾನು ಇವತ್ತು ಯಾಕೆ ಬಂದದ್ದು ಗೊತ್ತುಂಟಾ ನಿನಗೆ?" ಎಂದರು. "ಆ ಒಂದು ವಿಷಯ ಅಳಿಸ್ಲಿಕ್ಕೆ. ನೀನು ಆಚೆ ಈಚೆ ಹೋದಾಗ ಈ ಸಾಹೇಬ್ರ ಹತ್ತಿರ ಮೆಲ್ಲ ಹೇಳುವ ಅಂತ ಬಂದದ್ದು. ಆ ದಿನ ಯಾವ ಘಳಿಗೆಯಲ್ಲಿ ಬಾಯಿಂದ ಬಂತೋ, ಬಂತು. ಆಮೇಲೆ ನಿದ್ರೆ ಇಲ್ಲ ನನಗೆ. ಪುಸ್ತಕದಲ್ಲಿ ಹಾಕ್ತಾರೆ, ಎಲ್ಲರೂ ಓದ್ತಾರೆ, ಮೊಮ್ಮಕ್ಕಳು ಓದ್ತಾರೆ. ಹಾಕ್ಬೇಡ ಅಂತ ನಿನಗೆ ಹೇಳ್ಲಿಕ್ಕೂ ನಾಚಿಕೆ. ನಿನ್ನ ಕಂಪ್ಯೂಟರ್ ಹಾಳಾಯ್ತು ಅಂದಾಗ ನಾನು ಎರಡು ಮೊಂಬತ್ತಿ ಹಚ್ಚಿದೆ ಮಾರಾಯ."

ಹಾಗೆಂದು ನಕ್ಕರು. ಹಲ್ಲಿಲ್ಲದ ಬಾಯಿ ತೆರೆದು, ಭುಜ ಕುಣಿಸಿ ನಕ್ಕರು. ಇಟ್ಟಿಯೂ ನಗಲು ನೋಡಿದ. ಇಡೀ ಊರು ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ ಆ ಚರ್ಚಿನಲ್ಲಿ ಪ್ರಾರ್ಥನೆ ಫಲಿಸಬಾರದೆಂದು ಬಯಸಿದವರು ಇಬ್ಬರಿದ್ದರು, ಒಂದೇ ಸಾಲಿನ ಎರಡು ಬದಿಯಲ್ಲಿ. ತಾನು ಆಕೆಗೆ ಮಾಡಿದ ಒಂದೇ ಉಪಕಾರವೆಂದರೆ ಆಕೆಯ ಮಾತು ಕೇಳದೆ ಇದ್ದದ್ದು. ಪಾಪ ಮಾಡಿದ ಮೇಲೆ ಕನಿಷ್ಠ ಪಾಪಿ ಎಂಬ ಘನತೆಯಾದರೂ ಸಿಗುತ್ತದೆ ಎಂದುಕೊಂಡಿದ್ದ, ಅದೂ ಸಿಗಲಿಲ್ಲ.

ಚಾ ಬಂತು. ಹಳೆಯ ಡಿಸ್ಕಿಗೆ ಹನ್ನೊಂದು ವರ್ಷವಾಗಿದೆ, ಇನ್ನು ನಂಬುವುದು ಬೇಡ, ಹೊಸದು ಹಾಕಿಸಿಕೊಳ್ಳಿ ಎಂದರು ಸಾಹುಲ್ ಹಮೀದ್. ಯಾವುದು ಎಂದು ಇಟ್ಟಿ ಕೇಳಿದ. ಡೈರಿ ಮುಚ್ಚಿಯೇ ಇತ್ತು. ಅವರು ಕಪಾಟಿನಿಂದ ಎಲ್ಲಕ್ಕಿಂತ ಚಿಕ್ಕ ಎಸ್‌ಎಸ್‌ಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಅಗಲ, ಅದಕ್ಕಿಂತ ಹಗುರ. "ನಿಮಗೆ ಇದೇ ಧಾರಾಳ ಆಯ್ತು," ಎಂದರು. ವ್ಯಂಗ್ಯವಿರಲಿಲ್ಲ. ಗಿರಾಕಿಯ ಅಗತ್ಯ ನೋಡಿ ಹೇಳಿದ ಮಾತು. ಇಟ್ಟಿ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಜೇಬಿನಲ್ಲಿ ಏನೂ ಇದ್ದ ಹಾಗೆಯೇ ಅನಿಸಲಿಲ್ಲ.

"ಅಚ್ಚನಿಗೆ ನೀನೇ ಹೇಳು," ಎಂದರು ರೋಸಮ್ಮ ಮೆಟ್ಟಿಲಿಳಿಯುತ್ತ. "ನಾನು ಹೇಳುದಿಲ್ಲ." ಹೇಳಿದ, ಮುಂದಿನ ಭಾನುವಾರ. ಅಚ್ಚನ್ ಕಿಟಕಿಯ ಹೊರಗೆ ಮಕ್ಕಳು ಆಡುತ್ತಿದ್ದ ಕ್ರಿಕೆಟ್ಟಿನಲ್ಲಿ ಒಬ್ಬ ಔಟಾಗಿ ಇನ್ನೊಬ್ಬ ಬರುವವರೆಗೆ ನೋಡಿದರು. ಆಮೇಲೆ, ನಾಲ್ಕು ಪುಟ ಉಂಟಲ್ಲ, ಅದನ್ನೇ ಹಾಕುವ, ಆ ಬೆವರಿನ ಮುತ್ತು ಮಾತ್ರ ತೆಗೆದುಬಿಡು ಎಂದರು. ಆದರೆ ಅದು ಆಮೇಲಿನ ಅವಮಾನ.

ಕಡಬದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಬಸ್ಸು ಸವಣೂರು ದಾಟಿತು. ರೋಸಮ್ಮನ, ಅಂಗಡಿಯಲ್ಲಿ ನಕ್ಕ ಮುಖ ಸ್ವಲ್ಪ ಸ್ವಲ್ಪವಾಗಿ ಮುಚ್ಚಿಕೊಳ್ಳುತ್ತ ಬಂದದ್ದನ್ನು ಇಟ್ಟಿ ಕಿಟಕಿಯ ಗಾಜಿನಲ್ಲಿ ನೋಡುತ್ತಿದ್ದ. ಆಮೇಲೆ ಅವರು ಮಲಯಾಳದಲ್ಲಿ, ಬಹಳ ತಗ್ಗಿದ ದನಿಯಲ್ಲಿ ಮಾತು ತೆಗೆದರು. ಬಸ್ಸಿನಲ್ಲಿ ಮಲಯಾಳ ಮಾತಾಡಿದರೆ ಉಳಿದವರು ತಮ್ಮ ಬಗ್ಗೆ ಎಂದುಕೊಳ್ಳುತ್ತಾರೆ ಎಂದು ಯಾವಾಗಲೂ ಕನ್ನಡವನ್ನೇ ಆಡುವವರು.

"ಆ ದಿನ ನಾನು ಹೇಳಿ ಮುಗಿಸಿದ ಮೇಲೆ ನೀನು 'ಆಯ್ತು' ಅಂದೆ. ಜೋರಾಗಿ ಅಂದೆ. 'ಆಯ್ತು, ಆಯ್ತು' ಅಂತ. ನೆನಪುಂಟಾ? ಈಸ್ಟರಿನ ಮೊದಲು, ಉಪವಾಸದ ನೊಂಬಿನ ಒಂದು ಮಂಗಳವಾರ."

ಇಟ್ಟಿಗೆ ನೆನಪಿತ್ತು. ನಾಲ್ಕೂ ಜಾತಿಯ ಎಲೆಗಳ ಅತ್ಯಂತ ಕಠಿಣ ಆಟವನ್ನು ಅವನು ಮೊದಲ ಬಾರಿ ಗೆದ್ದದ್ದು ಆ ದಿನ. ಪರದೆಯ ತುಂಬ ಪಟಾಕಿ ಹಾರಿದ್ದವು.

"ಅಚ್ಚನ್ ಆದ್ರೆ ದೊಡ್ಡ ಉಪದೇಶ ಮಾಡ್ತಿದ್ರು. ಮಕ್ಕಳಾದ್ರೆ ಅಳ್ತಿದ್ರು. ನೀನು ಆಯ್ತು ಅಂದೆ. ಸಿಲ್ವಿ ಚಾ ತಂದಳು, ನೀನೇ ಎದ್ದು ಕೊಟ್ಟೆ. ಮುಂದಿನ ವಾರವೂ ಹಾಗೆಯೇ ಕೊಟ್ಟೆ. ಗೊತ್ತಿದ್ದೂ ಈ ಇಟ್ಟಿ ನನಗೆ ಮೊದಲಿನ ಹಾಗೆಯೇ ಚಾ ಕೊಡ್ತಾನಲ್ಲ ಅಂತ ನಾನು ದಾರಿಯುದ್ದಕ್ಕೂ ನೆನೆಸ್ಕೊಂಡು ಹೋಗ್ತಿದ್ದೆ. ಪುಸ್ತಕದ ಹೆದರಿಕೆ ಬೇರೆ, ಇದು ಬೇರೆ. ಭೂಮಿಯ ಮೇಲೆ ಒಬ್ಬನಿಗೆ ಗೊತ್ತುಂಟು, ಅವನು ಆಯ್ತು ಅಂದಿದ್ದಾನೆ." ಕೊಡೆಯ ಹಿಡಿ ತಿರುಗಿಸುತ್ತ ಕೇಳಿದರು. "ಅದು ಯಾವುದಕ್ಕೆ ಹೇಳಿದ್ದು ಇಟ್ಟಿ?"

"ಆಟ ಗೆದ್ದದ್ದಕ್ಕೆ," ಎಂದ.

ರೋಸಮ್ಮ ತಲೆಯಾಡಿಸಿದರು. ಹಾಗೇ ಇರಬೇಕೆಂದು ಅಷ್ಟರಲ್ಲಿ ಊಹಿಸಿಕೊಂಡಿದ್ದರೋ ಏನೋ. ಬಸ್ಸು ಶಾಂತಿಮೊಗರಿನ ಸೇತುವೆ ಹತ್ತಿತು. ಅವರು ಹೊಳೆಯ ಕಡೆ ನೋಡಲಿಲ್ಲ, ಎದುರಿನ ಸೀಟಿನ ಕಬ್ಬಿಣದ ಹಿಡಿಯನ್ನು ನೋಡುತ್ತ ಹೇಳಿದರು.

"ಜೋಸೂಟ್ಟಿ ನನ್ನ ತಮ್ಮ. ಬಂದ ವರ್ಷವೇ ಮಲೇರಿಯ ಬಂತು ಅವನಿಗೆ. ಉಪ್ಪಿನಂಗಡಿಯಿಂದ ಅಪ್ಪ ಕೊಯಿನಾ ಮಾತ್ರೆ ತಂದಿದ್ದ. ಅಪ್ಪ ಅಮ್ಮ ಇಬ್ಬರೂ ಕಾಡು ಕಡಿಯಲಿಕ್ಕೆ ಹೋಗುದು, ಮಾತ್ರೆ ಕೊಡುದು ನನ್ನ ಕೆಲಸ. ಕಹಿ ಅಂದ್ರೆ ಎಂಥ ಕಹಿ. ಬಾಯಿಗೆ ಹಾಕಿದ್ರೆ ಅವನು ನಡುಗಿ ನಡುಗಿ ಅಳುದು, ನನ್ನ ಕುತ್ತಿಗೆ ಹಿಡ್ಕೊಂಡು ಬೇಡ ಬೇಡ ಅನ್ನುದು. ನನಗೆ ಆಗಲಿಲ್ಲ ಇಟ್ಟಿ. ಗುಡಿಸಲಿನ ಗೋಡೆ ಬಿದಿರಿಂದು. ಒಂದು ಬಿದಿರಿನಲ್ಲಿ ಸೀಳು ಇತ್ತು. ಮಾತ್ರೆಯನ್ನು ಅದರೊಳಗೆ ಹಾಕ್ತಿದ್ದೆ. ಸಂಜೆ ಅಮ್ಮ ಬಂದು ಕೊಟ್ಟೆಯಾ ಅಂತ ಕೇಳ್ತಿದ್ಲು, ಕೊಟ್ಟೆ ಅಂತಿದ್ದೆ. ಮರುದಿನವೂ ಕೊಟ್ಟೆ. ಹನ್ನೊಂದನೇ ದಿನ ಹೋಗಿಬಿಟ್ಟ."

ಇಟ್ಟಿಯ ಕೈ ಹಿಡಿಯುವುದಕ್ಕೆ ಏನಾದರೂ ಹುಡುಕಿತು. ಚೀಲ ಕಾಲಿನ ಕೆಳಗಿತ್ತು. ಎದುರಿಗೆ ಪರದೆ ಇಲ್ಲ, ಬೆರಳಿಗೆ ಕೀಲಿಯಿಲ್ಲ.

"ಎರಡು ವರ್ಷ ಆದ ಮೇಲೆ ಹಂಚಿನ ಮನೆ ಕಟ್ಲಿಕ್ಕೆ ಅಪ್ಪ ಆ ಗೋಡೆ ಬಿಚ್ಚಿದ. ಬಿದಿರು ಸೀಳಿದಾಗ ಬಿಳಿ ಪುಡಿ ಉದುರಿತು. ಹುಳ ಹಿಡಿದಿದೆ ಅಂತ ಹೇಳಿ ಬೆಂಕಿಗೆ ಹಾಕಿದ. ನಾನು ಅಲ್ಲೇ ನಿಂತಿದ್ದೆ. ಅಷ್ಟೇ ಇರುದು. ಪಾಪ ಒಪ್ಪಿಕೊಳ್ಳುವ ಕುಂಬಸಾರದಲ್ಲಿಯೂ ಹೇಳಲಿಲ್ಲ, ಗಂಡನ ಹತ್ತಿರವೂ ಹೇಳಲಿಲ್ಲ. ನಿನ್ನ ಹತ್ತಿರ ಹೇಳಿದೆ ಅಂತ ತಿಳ್ಕೊಂಡಿದ್ದೆ."

ನೀವಾಗ ಮಗುವಾಗಿದ್ದಿರಿ ಚೇಡತ್ತಿ ಎಂದು ಹೇಳಬೇಕು, ಯಾರಾದರೂ ಅದನ್ನೇ ಹೇಳುತ್ತಿದ್ದರು. ಅಷ್ಟು ಸಿದ್ಧವಾಗಿ ಸಿಗುವ ಮಾತು ತನ್ನ ಬಾಯಲ್ಲಿ ಇನ್ನೊಂದು ಹ್ಮ್ ಆದೀತು ಎಂದು ಅವನು ಬಾಯಿ ಮುಚ್ಚಿಕೊಂಡ. ಮುಚ್ಚಿಕೊಂಡದ್ದು ನಿಲ್ಲಲಿಲ್ಲ, ಅರವತ್ತೊಂದು ವರ್ಷದ ಗಂಡಸು, ನಿವೃತ್ತ ಕ್ಲಾರ್ಕು, ಹಾಡುಹಗಲು ಸರಕಾರಿ ಬಸ್ಸಿನಲ್ಲಿ ಮೂಗು ಸೊರಗುಟ್ಟಿಸುತ್ತ ಅಳತೊಡಗಿದ. ಅಳುವುದರಲ್ಲೂ ಅವನಿಗೆ ಒಂದು ಅಂದವಿರಲಿಲ್ಲ. ಮುಂದಿನ ಸೀಟಿನವರು ತಿರುಗಿದರು. ಕಂಡಕ್ಟರ್ ಟಿಕೇಟಿನ ಯಂತ್ರ ಹಿಡಿದುಕೊಂಡು ಬಂದು ನಿಂತ. "ಎಂತ ಆಯ್ತು ಅಜ್ಜಿ ಇವರಿಗೆ?"

"ಎಂತ ಇಲ್ಲ," ಎಂದರು ರೋಸಮ್ಮ ಕನ್ನಡದಲ್ಲಿ. "ಹಾರ್ಡ್ ಡಿಸ್ಕ್ ತೋರಿಸ್ಲಿಕ್ಕೆ ಹೋಗಿದ್ದೆವು."

ಕಂಡಕ್ಟರ್ ಅದು ಯಾವುದೋ ಕಾಯಿಲೆ ಎಂಬಂತೆ ಅಯ್ಯೋ ಪಾಪ ಎಂದು ಹಿಂದಕ್ಕೆ ಹೋದ. ರೋಸಮ್ಮ ಮುಂಡಿನ ಮಡಿಕೆಯಿಂದ ಕರವಸ್ತ್ರ ತೆಗೆದು ಇಟ್ಟಿಯ ತೊಡೆಯ ಮೇಲೆ ಹಾಕಿದರು. ಅವನು ಮೂಗು ಒರೆಸಿಕೊಂಡ. ಅವನಿಗೆ ಒಂದು ವಿಷಯ ತಿಳಿಯಬೇಕಿತ್ತು. ಹದಿನಾಲ್ಕು ತಿಂಗಳಲ್ಲಿ ಈ ಹೆಂಗಸಿನ ಹತ್ತಿರ ತಾನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ ಎಂಬುದು, ಕೇಳಲು ಬಾಯಿ ತೆರೆದ ಮೇಲೆ ತಿಳಿಯಿತು.

"ಹೇಗಿದ್ದ ಅವನು, ನೋಡ್ಲಿಕ್ಕೆ?"

ರೋಸಮ್ಮ ಅವನ ಕಡೆ ತಿರುಗಿದರು. ಅವನ ಮುಖವನ್ನು ಆಚೆಯಿಂದ ಈಚೆ ಪರೀಕ್ಷಿಸಿದರು, ನಿಜವಾಗಿ ಬೇಕಾಗಿಯೇ ಕೇಳಿದ್ದೋ ಎಂದು. ಬಸ್ಸು ಎಲ್ಲೋ ನಿಂತು ಯಾರನ್ನೋ ಇಳಿಸಿ ಹೊರಟಿತು.

"ಕಿವಿ ಇಷ್ಟು ದೊಡ್ಡದು," ಎಂದರು ಕಡೆಗೆ, ಬೆರಳಿನಲ್ಲಿ ತೋರಿಸಿ. "ಬಿಸಿಲಿಗೆ ನಿಂತ್ರೆ ಕೆಂಪಗೆ ಕಾಣುದು. ಐದು ತುಂಬಿರಲಿಲ್ಲ. ರ ಬರ್ತಿರಲಿಲ್ಲ ಅವನಿಗೆ. ನನ್ನನ್ನು ಲೋಸ ಅಂತ ಕರೀತಿದ್ದ."